ಅತ್ತೆಯನ್ನಷ್ಟೇ ಕೇಳಿದ ಕೋಡ್

ಗೆಳೆಯರೇ, ಕಣ್ಣೆದುರು ನಿಂತ ಹೆಣ್ಣುಮಗಳಿಗೆ 'ನೀನು ಪಟ್ಟಿಯಲ್ಲಿಲ್ಲ' ಎನ್ನುವುದು ಅನ್ಯಾಯ. ಇಂದು ನಮ್ಮೂರು ಚಿಂತಾಕಿಯಲ್ಲಿ ಆ ಅನ್ಯಾಯ ನಡೆಯಿತು.

ಬರಗಾಲದ ಕೆಲಸದ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಫೋನಿನಲ್ಲೇ ನೋಡಲು ನಮ್ಮೂರಿನದೇ ಒಂದು ವೆಬ್ ಪುಟವಿದೆ. ಜಾಬ್ ಕಾರ್ಡ್ ನಂಬರ್, ಹೆಸರು ಹಾಕಿದರೆ 'ಇದೆ' ಅಥವಾ 'ಇಲ್ಲ' ಎನ್ನುತ್ತದೆ. ಊರಿನ ಸೊಸೆ ಶಾಂತಕ್ಕನಿಗೆ 'ಇಲ್ಲ' ಎಂದಿತು. ಕೆಲಸವಿಲ್ಲದಿದ್ದರೆ ಇಂದೇ ಸಂಜೆ ಭಾಲ್ಕಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ದುಡಿಯಲು ಹೋಗಬೇಕು, ಗಂಟು ಕಟ್ಟಿಯಾಗಿತ್ತು.

ನಾನು ನಾಳಿನ ಪ್ರತಿಭಟನೆಯ ಕರಪತ್ರ ಹಿಡಿದು, ಶಾಂತಕ್ಕನನ್ನೂ ಕರೆದುಕೊಂಡು ಪಂಚಾಯಿತಿಗೆ ನುಗ್ಗಿದೆ. "ಬಡವರ ಹೆಸರು ಯಾಕ ತೆಗದೀರಿ?"

ಗುಮಾಸ್ತರು ಗೋಡೆಯ ಪಟ್ಟಿ ತೋರಿಸಿದರು. "ಕಣ್ಣ ತೆರದು ನೋಡ್ರಿ. ಅತ್ತಿ ಹೆಸರಿನ ಕೆಳಗೇ ಸೊಸಿ ಹೆಸರು ಅದ. ಆ ಪುಟ ಮಾಡಿದವರು ಯಾರ್ರಿ?"

ಮಾಡಿದವನು ನಾನೇ. ಅಲ್ಲೇ ಕೂತು ಕೋಡ್ ತೆರೆದೆ. ಒಂದು ಕಾರ್ಡ್ ಕೇಳಿದರೆ ಡೇಟಾಬೇಸ್ ಮನೆಯವರೆಲ್ಲರ ಹೆಸರು ಕೊಡುತ್ತದೆ. ನನ್ನ ಕೋಡ್ ಮೊದಲ ಹೆಸರನ್ನಷ್ಟೇ ನೋಡಿ, ಅದು ತಾಳೆಯಾಗದಿದ್ದರೆ 'ಇಲ್ಲ' ಎಂದುಬಿಡುತ್ತಿತ್ತು. ಆ ಮೊದಲ ಹೆಸರು ಯಜಮಾನಿಯದು, ಅಂದರೆ ಅತ್ತೆಯದು.

ಶಾಂತಕ್ಕ ಬಿದ್ದು ಬಿದ್ದು ನಕ್ಕಳು. "ಹೆಣ್ಮಕ್ಕಳ ಹಕ್ಕು ಅಂತ ದಿನಾ ಭಾಷಣ ಮಾಡ್ತಿ ತಮ್ಮಾ. ಬಾಗಲದಾಗ ಕುಂತ ಅತ್ತಿಗಿ ಕೇಳಿ ಹಂಗೇ ತಿರುಗಿ ಬಂದಿಯಲ್ಲ! ಒಳಗ ರೊಟ್ಟಿ ಬಡಿಯೋ ಸಪ್ಪಳ ಕೇಳಲಿಲ್ಲೇನು?"

ಈಗ ಕೋಡ್ ಕೊನೆಯ ಹೆಸರಿನವರೆಗೂ ನೋಡುತ್ತದೆ. ಶಾಂತಕ್ಕ ಗಂಟು ಬಿಚ್ಚಿದ್ದಾಳೆ. 'ಇಲ್ಲ' ಎನಿಸಿಕೊಂಡ ಉಳಿದವರೆಲ್ಲ ಹೊರಡುವ ಮೊದಲು ಮತ್ತೊಮ್ಮೆ ನೋಡಿ. ಪ್ರತಿಭಟನೆ ಮಾತ್ರ ರದ್ದಾಗಿಲ್ಲ. ಧಿಕ್ಕಾರ ನನಗೆ, ಕೂಗುವವರು ಸೊಸೆಯಂದಿರು: ನಾಳೆ ಗುರುವಾರ, ಬೆಳಗ್ಗೆ ಹತ್ತು ಗಂಟೆಗೆ, ಪಂಚಾಯಿತಿ ಕಟ್ಟೆಯ ಮೇಲೆ.