ಲಾಭ ಅಂತ ಸುರುವಾದ ಎಣಿಕೆ

ಸತ್ತವರು ದನಿ ತೆಗೀತಾರ ಅಂತ ಯಾರರ ಹೇಳಿದ್ರ ಮೊದಲ ನಗತಿದ್ದವ ನಾನೇ. ಸೇಡಂ ಹೈಸ್ಕೂಲಿನ ಭೂಗೋಳದ ಮಾಸ್ತರ, ಇಂಥಾದ್ದೆಲ್ಲಾ ನಂಬಿದ್ರ ಹುಡುಗರಿಗಿ ಮುಖ ಹ್ಯಾಂಗ ತೋರಸ್ಲಿ? ಈಗ ನಗೂದಿಲ್ಲ. ನಂಬತೀನಿ ಅಂತನೂ ಅಲ್ಲ. ಆಗಿದ್ದು ಆದಂಗ ಹೇಳ್ತೀನಿ, ನೀವೇ ನೋಡ್ರಿ.

ಎಪ್ಪತ್ತರ ದಶಕದ ಮಾತು. ಚಿಂಚೋಳಿ ಗುಡ್ಡ ಹ್ಯಾಂಗ ಬದಲಾಗಾಕತ್ತಾವ ಅಂತ ನೋಡ್ಲಿಕ್ಕೆ ನಾಕು ಮಂದಿ ಕೂಡಿದ್ವಿ. ಕಲ್ಲು ಓದಿದವರು ಒಬ್ಬರು, ಗಿಡ ಓದಿದವರು ಒಬ್ಬರು, ತಾಂಡಾದಾಗ ಕುಂತು ಮಂದಿ ಮಾತು ಬರಕೊಳ್ಳೋ ಅಕ್ಕೋರು ಒಬ್ಬರು. ನನ್ನ ಪಾಲಿಗಿ ಅಳತಿ. ಕಂಟಿಯೊಳಗ ಅಳತಿ ಸರಪಳಿ ಎಳಿಯೂದು ಭಾಳ ತ್ರಾಸು, ಅದಕ್ಕ ಹೆಜ್ಜಿ ಎಣಸ್ತಿದ್ವಿ. ನೂರಾದ್ರ ಒಂದು ಹರಳು ಕಿಸೆದಾಗ. ಇಬ್ಬರು ಬ್ಯಾರೆ ಬ್ಯಾರೆ ಎಣಸಬೇಕು, ಎರಡೂ ಲೆಕ್ಕ ಪುಸ್ತಕದಾಗ ಬರೀಬೇಕು. ಹಿಂದಿನ ವರ್ಷ ಹಳ್ಳದಿಂದ ಕಾಡಿನ ಅಂಚಿಗಿ ಹನ್ನೊಂದು ನೂರು ಹೆಜ್ಜಿ ಬಂದಿತ್ತು. ಈ ವರ್ಷ ಕಾಡು ಹಿಂದ ಸರದದ ಅಂತ ಗಿಡದವರು, ಎಲ್ಲಿ ಸರದದ ಅಂತ ಕಲ್ಲಿನವರು. ಇಬ್ಬರೂ ಹಟಮಾರಿಗಳು. ಎಲ್ಲಾ ನನ್ನ ಅಳತಿ ಮ್ಯಾಲ ನಿಂತಿತ್ತು.

ನಮ್ಮಪ್ಪ ಸೇಡಂ ಬಜಾರದಾಗ ಜ್ವಾಳ ಅಳಿಯಾವ. ಕಾಳು ಅಳಿಯೋರು ಒಂದು ಅನ್ನೂದಿಲ್ಲ, ಲಾಭ ಅಂತಾರ. ಆಮ್ಯಾಲ ಎರಡು, ಮೂರು. ನನ್ನ ಬಾಯಾಗೂ ಅದೇ ಬರ್ತಿತ್ತು, ಜೋಡಿಯವರೆಲ್ಲಾ ನಗ್ತಿದ್ರು. ಆ ಬ್ಯಾಸಗಿ ಸುರುವಿನಾಗ ನಾ ಇದೇ ಗುಡ್ಡದಾಗ ಇದ್ದಾಗ ಅಪ್ಪ ತೀರಕೊಂಡ. ಸುದ್ದಿ ಸಿಕ್ಕು ಊರು ಮುಟ್ಟೂದ್ರಾಗ ಮಣ್ಣು ಕೊಟ್ಟು ಆಗಿತ್ತು. ಒಬ್ಬನೇ ಮಗ, ಒಂದು ಹಿಡಿ ಮಣ್ಣು ಹಾಕಲಿಲ್ಲ. ಅವತ್ತಿಂದ ನಾ ಲಾಭ ಅನ್ನೂದು ಬಿಟ್ಟೆ, ಒಂದು ಅಂತಲೇ ಎಣಸ್ತಿದ್ದೆ.

ಅಳತಿ ದಿನ ನನ್ನ ಜೋಡಿ ಎಣಸಬೇಕಾದ ಕಲ್ಲಿನವರಿಗಿ ಜ್ವರ ಬಂತು. ಮಟಮಟ ಮಧ್ಯಾಹ್ನ ಒಬ್ಬನೇ ಹೊಂಟೆ. ಹಳ್ಳ ದಾಟಿ ಮೊದಲ ಹೆಜ್ಜಿ ಇಟ್ಟೆ, ಬೆನ್ನ ಹಿಂದ "ಲಾಭ" ಅಂತ ದನಿ ಬಂತು. ತಿರುಗಿ ನೋಡಿದ್ರ ಒಣಗಿದ ಸಾಗವಾನಿ ಎಲಿ ಬಿಟ್ರ ಏನೂ ಇಲ್ಲ. ನಾ ನಡದ್ರ ಎರಡು, ಮೂರು ಅಂತಿತ್ತು, ನಿಂತ್ರ ನಿಲ್ತಿತ್ತು. "ಯಪ್ಪಾ" ಅಂದೆ. ಓ ಅನಲಿಲ್ಲ. ಮುಂದಿನ ಹೆಜ್ಜಿಗಿ ಮುಂದಿನ ಅಂಕಿ, ಅಷ್ಟೇ. ಖರೆ ಹೇಳ್ತೀನಿ, ಅಂಜಿಕಿ ಬರಲಿಲ್ಲ. ಅಳು ಬಂತು. ಅಳಕೋತ ನಡದೆ, ಎಣಸಕೋತ ನಡದೆ.

ಕಾಡಿನ ಅಂಚು ಮುಟ್ಟಿದಾಗ ಅದು "ಹನ್ನೆರಡು ನೂರು" ಅಂದು ಸುಮ್ಮ ಆಯ್ತು. ನನ್ನ ಕಿಸೆದಾಗ ಹರಳು ಹನ್ನೊಂದೇ ಇದ್ದವು. ಭಾಳ ಹೊತ್ತು ಅಲ್ಲೇ ಕುಂತೆ. ಮತ್ತ ದನಿ ಬರಲಿಲ್ಲ.

ಸಂಜಿಗಿ ಪುಸ್ತಕದಾಗ ಎರಡೂ ಲೆಕ್ಕ ಬರದೆ. ಗಿಡದವರು ನೋಡಿ, "ಮಾಸ್ತರ್, ಒಬ್ಬರೇ ಹೋಗಿದ್ರಿ. ಈ ಎರಡನೇದು ಯಾರ್ದ್ರಿ?" ಅಂದ್ರು.

"ನಮ್ಮಪ್ಪಂದ್ರಿ" ಅಂದೆ.

ಯಾರೂ ನಗಲಿಲ್ಲ. ಅಕ್ಕೋರು, "ನಾಳಿ ಸರಪಳಿ ಎಳದು ನೋಡೂನ್ರಿ" ಅಂದ್ರು. ಮರುದಿನ ಕಂಟಿ ಕಡಕೋತ ಇಡೀ ದಿನ ಎಳದ್ವಿ. ಹೆಜ್ಜಿ ಲೆಕ್ಕಕ್ಕ ತಿರುಗಿಸಿದ್ರ ಹನ್ನೆರಡು ನೂರೇ ಬಂತು. ಕಾಡು ನೂರು ಹೆಜ್ಜಿ ಹಿಂದ ಸರದಿತ್ತು. ಅಳೂವಾಗ ನಾ ಒಂದು ಹರಳು ಮರತಿದ್ದೆ.

ನಿನ್ನ ಮನಸೇ ಎಣಸಿರಬೇಕು ಅಂತಾರ ಕೇಳಿದವರು. ನನ್ನ ಮನಸು ಹನ್ನೊಂದು ನೂರು ಅಂದಿತ್ತಲ್ಲ, ಅದಕ್ಕೇನಂತಾರೋ! ನನಗಂತೂ ಇನ್ನೂ ತಿಳಿದಿಲ್ಲ. ಅಪ್ಪ ಜಲ್ಮದಾಗ ಒಂದು ಸೇರೂ ತಪ್ಪು ಅಳದವನಲ್ಲ. ಅಂಚು ಬಂತು, ನಿಂತುಬಿಟ್ಟ. ಕಾಡು ಇನ್ನೂ ನೂರು ಹೆಜ್ಜಿ ಹಿಂದ ಸರದಿದ್ರ ಅಷ್ಟು ದೂರ ನನ್ನ ಜೋಡಿ ಬರ್ತಿದ್ನಲ್ಲ ಅಂತ, ಗುಡ್ಡದ ಕೆಲಸ ಮಾಡಿದವ ಅನ್ನಬಾರದ ಮಾತು, ಎಷ್ಟೋ ಸಲ ಅಂದುಕೊಂಡೀನಿ.