ನಿಮ್ಮ ಕುರ್ಚಿ ನೀವೇ ತನ್ನಿ

ಬೀದಿಗೆ ಇನ್ನೂ ಬೆಳಕು ಇಳಿದಿಲ್ಲ. ಹಾಲಿನ ಗಾಡಿ ಹೋಗಿದೆ, ಮೊದಲ ಬಸ್ಸು ಬಂದಿಲ್ಲ. ಆ ನಡುವಿನ ಮೌನದಲ್ಲಿ ಕುರ್ಚಿಯಣ್ಣ ಸ್ಪೀಕರ್ ಅಂಗಡಿಯ ಷಟರನ್ನು ಅರ್ಧ ಎತ್ತಿ, ತಲೆ ತಗ್ಗಿಸಿ ಒಳಗೆ ಹೋಗುತ್ತಾರೆ. ಎದೆಯೆತ್ತರ ನಿಂತ ಎರಡು ಟವರ್ ಸ್ಪೀಕರುಗಳ ಧೂಳನ್ನು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಕ್ಷಣಕಾಲ ಕಣ್ಣು ಮುಚ್ಚಿ ದೇವರನ್ನು ನೆನೆಯುತ್ತಾರೆ. ಆಮೇಲೆ ಗಿರಾಕಿಗಳಿಗೆ ಹಾಡು ಕೇಳಿಸುವ ಆ ಕೋಣೆಯ ಒಂದೊಂದು ಮೂಲೆಗೂ ಹೋಗಿ ಚಪ್ಪಾಳೆ ತಟ್ಟುತ್ತಾರೆ. ಹೊಸಬರು ಕಂಡರೆ ಪಾಪ, ಇವರಿಗೆ ಒಂದು ಸುತ್ತು ಕಡಿಮೆ ಎಂದುಕೊಂಡಾರು.

"ಚಪ್ಪಾಳೆಗೆ ಬಾಲ ಬಂದ್ರೆ ಕೋಣೆ ಬೋಳಾಗಿದೆ ಅಂತ ಅರ್ಥ," ಎಂದು ದಪ್ಪ ಪರದೆಯನ್ನು ಇನ್ನಷ್ಟು ಎಳೆಯುತ್ತಾರೆ. "ಹಾಗೇ ಬಿಟ್ರೆ ಹಾಡೋರು ಬಾವಿಯೊಳಗೆ ಬಿದ್ದ ಹಾಗೆ ಕೇಳುತ್ತೆ."

ಕೊನೆಯಲ್ಲಿ ಮೂಲೆಯಿಂದ ಒಂದು ಗಿಡ್ಡ ಸ್ಟೂಲು ಎಳೆದುಕೊಂಡು, ಸ್ಪೀಕರುಗಳ ಮುಖವನ್ನು ಅದರತ್ತ ತುಸು ಕೆಳಕ್ಕೆ ಬಾಗಿಸಿ, ಅದರ ಮೇಲೆ ಕುಳಿತು, ಮೆಲ್ಲನೆ ಒಂದು ಹಾಡು ಹಾಕಿ ಕೇಳುತ್ತಾರೆ. ಸ್ಟೂಲಿನ ಮೇಲಿನ ಬಟ್ಟೆ ಮಾಸಿದೆ. ಅದನ್ನು ಬದಲಿಸಲು ಅವರು ಯಾರನ್ನೂ ಬಿಟ್ಟಿಲ್ಲ.

ಅವರು ಈ ಅಂಗಡಿಗೆ ಬಂದದ್ದು ಪೆಟ್ಟಿಗೆ ಹೊರುವುದಕ್ಕೆ. ಬೆನ್ನು ಗಟ್ಟಿಯಿದ್ದಷ್ಟು ಕಾಲ ಹೊತ್ತರು. ಒಂದು ದಿನ ಮೆಟ್ಟಿಲ ಮೇಲೆ ಸೊಂಟ ಹಿಡಿದುಕೊಂಡಿತು. ಎದ್ದು ಓಡಾಡುವ ಹೊತ್ತಿಗೆ ಹೊರುವ ಕೆಲಸ ಕೈ ತಪ್ಪಿತ್ತು. ಹಳೆಯ ಯಜಮಾನರು ಒಳ್ಳೆಯವರು. "ಹೊತ್ತಿದ್ದು ಸಾಕು, ಇನ್ನು ಕೂತು ಕೇಳು," ಎಂದು ಈ ಕೇಳುವ ಕೋಣೆಯನ್ನು ವಹಿಸಿದರು. ಈಗ ಅವರ ಮಗಳು ಅಂಗಡಿ ನೋಡಿಕೊಳ್ಳುತ್ತಾರೆ. ಸೊಂಟದ ಪಟ್ಟಿ ಮಾತ್ರ ಇಂದಿಗೂ ಅಣ್ಣನನ್ನು ಬಿಟ್ಟಿಲ್ಲ.

ದಿನಕ್ಕೆ ಇಬ್ಬರು, ಹೆಚ್ಚೆಂದರೆ ಮೂವರು ಗಿರಾಕಿಗಳು. ಅದಕ್ಕಿಂತ ಹೆಚ್ಚು ಜನರಿಗೆ ಕೇಳಿಸಿದರೆ ತಮ್ಮ ಕಿವಿಯೇ ಸುಳ್ಳು ಹೇಳುತ್ತದೆ ಎನ್ನುತ್ತಾರೆ. ಯಾರು ಫೋನ್ ಮಾಡಿದರೂ ಅವರದು ಒಂದೇ ಮಾತು: "ಬರುವಾಗ ಮನೇಲಿ ಕೂರೋ ಕುರ್ಚಿ ತನ್ನಿ." ಜನ ನಗುತ್ತಾರೆ, ಬೈದುಕೊಳ್ಳುತ್ತಾರೆ, ಆದರೂ ತರುತ್ತಾರೆ. ಬೆತ್ತದ ಕುರ್ಚಿ, ತೂಗುಕುರ್ಚಿ, ಕಾಲಿಗೆ ತಂತಿ ಸುತ್ತಿದ ಕುರ್ಚಿ. ಒಬ್ಬ ಮಹಾಶಯರು ದಿವಾನ್ ಮಂಚವನ್ನೇ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. "ಅಣ್ಣಾ, ನಾವು ಸ್ಪೀಕರ್ ಮಾರೋದಾ, ಕುರ್ಚಿ ಅಡ ಇಟ್ಕೊಳ್ಳೋದಾ?" ಎಂದು ಯಜಮಾನಿ ಛೇಡಿಸುತ್ತಾರೆ.

ಈ ಪದ್ಧತಿಯ ಮೂಲ ಆ ಗಿಡ್ಡ ಸ್ಟೂಲು. ಅಣ್ಣನ ಹೆಂಡತಿ ಅದರ ಮೇಲೆ ಕುಳಿತು ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಒಮ್ಮೆ ಅಣ್ಣ ಹಳೆಯ ಸ್ಪೀಕರುಗಳ ಜೋಡಿಯೊಂದನ್ನು ಮನೆಗೆ ತಂದು, ಹೊಂದಿಸಿ, ತಮ್ಮ ಕುರ್ಚಿಯಲ್ಲಿ ಕುಳಿತು ತಲೆದೂಗಿದರು. ಆಕೆ ದಾರ ಕಚ್ಚಿ ಕತ್ತರಿಸಿ ಹೇಳಿದ್ದು ಇಷ್ಟೇ: "ನಿಮಗೆ ಕೇಳೋದು ನನಗೆ ಕೇಳ್ತಿಲ್ಲ. ಇಲ್ಲಿ ಬಂದು ಕೂತು ನೋಡಿ."

"ಕೂತೆ. ಹೌದು! ಹಾಡೆಲ್ಲಾ ತಲೆ ಮೇಲೆ ಹಾರಿ ಹೋಗ್ತಿದೆ," ಎಂದು ಅಣ್ಣ ಈಗಲೂ ಬೆರಗಾಗುತ್ತಾರೆ. "ಸ್ಪೀಕರಿನ ಆ ಚಿಕ್ಕ ಬಾಯಿ ಇದೆಯಲ್ಲ, ಸಣ್ಣ ದನಿ ಬರೋದು, ಅದು ಕಿವಿ ಮಟ್ಟಕ್ಕೆ ಇರಬೇಕು. ನಾನು ಬರೀ ನನ್ನ ಕಿವಿಗೆ ಹೊಂದಿಸಿದ್ದೆ."

ಆಕೆ ದೇವರ ಪಾದ ಸೇರಿ ಎರಡು ವರ್ಷವಾಯಿತು. ಸ್ಟೂಲು ಅಂಗಡಿಗೆ ಬಂತು.

ಈ ಬೆಳಿಗ್ಗೆ ಮೊದಲು ಬಂದವರು ವಯಸ್ಸಾದ ದಂಪತಿ. ಗಂಡ ಬಸ್ಸು ಓಡಿಸಿ ನಿವೃತ್ತರಾದವರು. ಕಿಟಕಿಯ ಕಡೆಯಿದ್ದ ಅವರ ಬಲಗಿವಿಯನ್ನು ಗಾಳಿಯೂ ಹಾರನ್ನುಗಳೂ ತಿಂದುಹಾಕಿವೆ. ಅವರಿಗೆ ಅಂಗಡಿಯಲ್ಲೇ ದೊಡ್ಡ ಸ್ಪೀಕರು, ಅದನ್ನು ಅಬ್ಬರಿಸುವಂತೆ ನಡೆಸುವ ರಿಸೀವರು ಬೇಕು. ಹೆಂಡತಿಗೆ ಬೇರೆಯೇ ಸಂಕಟ.

"ಇವರು ಸೌಂಡು ಏರಿಸ್ತಾರೆ, ನಾನು ಎದ್ದು ಅಡುಗೆಮನೆಗೆ ಹೋಗ್ತೀನಿ. ಒಂದು ಕಾಲದಲ್ಲಿ ಸಂಜೆ ಆದ್ರೆ ಜೊತೇಲಿ ಕೂತು ಹಾಡು ಕೇಳ್ತಿದ್ವಿ, ಅಣ್ಣಾ. ಈಗ ಒಂದೇ ಮನೇಲಿ ಇಬ್ಬರು ಬಾಡಿಗೆದಾರರ ಹಾಗಿದ್ದೀವಿ."

"ಏನಂತೆ?" ಎಂದು ಗಂಡ ಕೇಳುತ್ತಾರೆ.

"ಏನೂ ಇಲ್ಲ, ನಿಮ್ಮನ್ನ ಹೊಗಳ್ತಿದ್ದೆ."

ಅಣ್ಣನ ಮುಖ ಸಪ್ಪಗಾಗುತ್ತದೆ. ಗಂಡನಿಗೆ ಸಾಕಾಗುವ ಸದ್ದು ಹೆಂಡತಿಯನ್ನು ಓಡಿಸುತ್ತದೆ. ಹೆಂಡತಿಗೆ ಹಿತವಾದದ್ದು ಗಂಡನಿಗೆ ಮುಟ್ಟುವುದಿಲ್ಲ. ಬೇರೆ ದಾರಿ ಕಾಣದೆ ಅವರು ದೊಡ್ಡ ಜೋಡಿಗೇ ವೈರು ಜೋಡಿಸುತ್ತಾರೆ. ದಂಪತಿಯ ಕುರ್ಚಿಗಳನ್ನು ಒಳಗೆ ತರುತ್ತಾ, "ಯಾರದು ಯಾವ ಕಡೆ, ತಾಯಿ?" ಎಂದು ಕೇಳುತ್ತಾರೆ.

"ಮದುವೆ ಆದಾಗಿನಿಂದ ಅವರದು ಎಡಗಡೆ, ನಂದು ಬಲಗಡೆ."

ಅಣ್ಣ ಸ್ಪೀಕರುಗಳಿಗೆ ಬೆನ್ನು ಮಾಡಿ ನಿಂತು, ಗಂಡನ ಬೆತ್ತದ ಕುರ್ಚಿಯನ್ನು ತಮ್ಮ ಎಡಕ್ಕೆ, ಹೆಂಡತಿಯ ಮೆತ್ತೆ ಕುರ್ಚಿಯನ್ನು ತಮ್ಮ ಬಲಕ್ಕೆ ಇಡುತ್ತಾರೆ. ಎದುರಾಗಿ ನಿಂತವನ ಎಡ ಕುಳಿತವರಿಗೆ ಬಲ ಎಂಬುದು ಅವರಿಗೆ ಹೊಳೆಯುವುದಿಲ್ಲ. ದಂಪತಿಯೂ ತಮ್ಮ ತಮ್ಮ ಕುರ್ಚಿ ಕಂಡು ಅದರಲ್ಲೇ ಕೂರುತ್ತಾರೆ. ಅಣ್ಣ ದಾರ ಹಿಡಿದು ಎರಡೂ ಸ್ಪೀಕರುಗಳಿಂದ ಸಮದೂರ ಅಳೆಯುತ್ತಾರೆ, ಅವುಗಳ ಮುಖ ತುಸು ಒಳಕ್ಕೆ ತಿರುಗಿಸುತ್ತಾರೆ. ಹಾಡು ಶುರುವಾಗುತ್ತದೆ.

ಹೆಂಡತಿ ಆಗಲೇ ಕೈಚೀಲ ಹಿಡಿದು ಏಳುವ ತಯಾರಿಯಲ್ಲಿದ್ದಾರೆ. "ಈ ಕಂಬಗಳು ಮನೆಗೆ ಬಂದ್ರೆ ನಾನು ಮಹಡಿ ಮೇಲೆ ಗುಡಿಸಲು ಹಾಕ್ಕೋಬೇಕು," ಎಂದು ಎಂದಿನಂತೆ ತಮ್ಮಷ್ಟಕ್ಕೆ ಗೊಣಗುತ್ತಾರೆ.

"ಗುಡಿಸಲು ಯಾಕೆ?" ಎನ್ನುತ್ತಾರೆ ಗಂಡ.

ಆಕೆ ಅರ್ಧ ಎದ್ದವರು ಅಲ್ಲೇ ನಿಲ್ಲುತ್ತಾರೆ. "ಕೇಳಿಸ್ತಾ?"

"ಇಷ್ಟು ದಿನವೂ ಹೀಗೇ ಬೈತಿದ್ದೆಯಾ ನೀನು?"

ಗಂಡ ರಿಮೋಟು ಎತ್ತಿಕೊಂಡು ಸೌಂಡನ್ನು ತಗ್ಗಿಸುತ್ತಾರೆ. ಇನ್ನೂ ತಗ್ಗಿಸುತ್ತಾರೆ. ಅಣ್ಣನಿಗೆ ಆಗ ತಮ್ಮ ತಪ್ಪು ಹೊಳೆಯುತ್ತದೆ. ಮನೆಯಲ್ಲಿ ಇಷ್ಟು ವರ್ಷ ಗಂಡನ ಒಳ್ಳೆಯ ಕಿವಿ ಗೋಡೆಯ ಕಡೆಗಿತ್ತು, ಕೆಟ್ಟ ಕಿವಿ ಹೆಂಡತಿಯ ಕಡೆಗಿತ್ತು. ಇಲ್ಲಿ ಕುರ್ಚಿ ಅದಲುಬದಲಾಗಿ, ಒಳ್ಳೆಯ ಕಿವಿ ಹೆಂಡತಿಯ ಕಡೆಗೂ ಹಾಡಿನ ಕಡೆಗೂ ಬಂದಿದೆ.

"ನಾನು ಇಟ್ಟದ್ದೇ ತಪ್ಪು, ಸಾರ್," ಎಂದು ಅಣ್ಣ ಒಪ್ಪಿಕೊಳ್ಳುತ್ತಾರೆ. "ದೇವರು ನನ್ನ ಕೈಲಿ ತಪ್ಪು ಮಾಡಿಸಿದ. ಇನ್ನು ಈ ಆನೆ ನಿಮಗೆ ಬೇಡ."

ದೊಡ್ಡ ಜೋಡಿ ಪಕ್ಕಕ್ಕೆ ಸರಿಯುತ್ತದೆ. ಸೊಂಟದೆತ್ತರದ ತೆಳ್ಳಗಿನ ಜೋಡಿ, ಅದಕ್ಕೆ ಸಾಕಾಗುವ ಚಿಕ್ಕ ರಿಸೀವರು ಬರುತ್ತವೆ. ಕುರ್ಚಿ ತಗ್ಗಾದ್ದರಿಂದ ಚಿಕ್ಕ ಬಾಯಿ ಸರಿಯಾಗಿ ಕಿವಿಯ ಮಟ್ಟಕ್ಕೆ ಸಿಗುತ್ತದೆ. ಹೆಂಡತಿ ಕೈಚೀಲವನ್ನು ನೆಲಕ್ಕೆ ಇಳಿಸುತ್ತಾರೆ. ಹಾಡು ಮುಗಿಯುವವರೆಗೆ ಇಬ್ಬರೂ ಏಳುವುದಿಲ್ಲ. ಬಾಗಿಲಲ್ಲಿ ನಿಂತ ಯಜಮಾನಿ, "ಕುರ್ಚಿಯಣ್ಣ ಇದ್ದರೆ ಅಂಗಡಿ ಉದ್ಧಾರ," ಎಂದು ಹುಬ್ಬು ಗಂಟಿಕ್ಕಿದರೂ ಬಿಲ್ಲು ಬರೆಯುವಾಗ ನಗುತ್ತಿದ್ದಾರೆ.

ಮಧ್ಯಾಹ್ನ ಅಣ್ಣ ತಾವೇ ವ್ಯಾನಿನಲ್ಲಿ ಹೋಗಿ ಆ ಮನೆಯಲ್ಲಿ ಎಲ್ಲವನ್ನೂ ಜೋಡಿಸುತ್ತಾರೆ. ದನಿ ಗುಂಯ್‌ಗುಡದಂತೆ ಸ್ಪೀಕರುಗಳನ್ನು ಗೋಡೆಯಿಂದ ಒಂದು ಮೊಳ ಮುಂದಕ್ಕೆ ತರುತ್ತಾರೆ. ಕುರ್ಚಿಗಳು ಮತ್ತೆ ಹಳೆಯ ಜಾಗಕ್ಕೆ ಸರಿಯದಂತೆ ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. "ನನ್ನ ಕಿಟಕಿ ದೂರ ಆಯ್ತಲ್ಲ," ಎಂದು ಗಂಡ ಗೊಣಗಿದರೆ, "ಬಸ್ಸು ಬಿಟ್ಟು ಎಷ್ಟು ದಿನ ಆಯ್ತು, ಇನ್ನೂ ಕಿಟಕಿನೇ ಬೇಕಾ?" ಎಂದು ಹೆಂಡತಿ ತಿರುಗೇಟು ಕೊಡುತ್ತಾರೆ. ಆ ಮಾತೂ ಗಂಡನಿಗೆ ಕೇಳಿಸುತ್ತದೆ.

ಹಾಡು ಶುರುವಾದ ಮೇಲೆ ಅಣ್ಣನ ನೆನಪು ಇಬ್ಬರಿಗೂ ಇಲ್ಲ. ಅಣ್ಣ ಸದ್ದಾಗದಂತೆ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಒಂದು ಗಳಿಗೆ ನಿಲ್ಲುತ್ತಾರೆ. ಒಳಗಿನ ಹಾಡು ಹೊರಗೆ ಕೇಳುತ್ತಿಲ್ಲ. ಆ ತಾಯಿಯ ನಗು ಮಾತ್ರ ಒಮ್ಮೆ ಕೇಳುತ್ತದೆ.

ಅಂಗಡಿಗೆ ಮರಳಿದ ಮೇಲೆ, ಮುಂದೇನು ಆಸೆ ಎಂದು ಕೇಳಿದರೆ ಅಣ್ಣ ಕತ್ತು ಕೆರೆದುಕೊಳ್ಳುತ್ತಾರೆ. "ಕಣ್ಣಿಗೆ ರೆಪ್ಪೆ ಕೊಟ್ಟ ದೇವರು ಕಿವಿಗೆ ಕದ ಇಡಲಿಲ್ಲ. ಆದ್ದರಿಂದ ಯಾರ ಕಿವಿಗೂ ನನ್ನಿಂದ ನೋವಾಗಬಾರದು, ಅಷ್ಟೇ." ಆಮೇಲೆ ಮೂಲೆಯ ಗಿಡ್ಡ ಸ್ಟೂಲಿನ ಮೇಲೆ ಕೈಯಿಡುತ್ತಾರೆ. "ದಿನಾ ಬೆಳಿಗ್ಗೆ ಮೊದಲು ಇದರ ಮೇಲೆ ಕೂತು ಕೇಳ್ತೀನಿ. ಇವತ್ತೂ ಕೇಳಿದೆ. ಇಲ್ಲಿಗೂ ಚೆನ್ನಾಗಿ ಮುಟ್ಟುತ್ತೆ."