ಬಿಯುನ್ ಕೊರೆದ 'ಆಯುಷ್ಯ'

ಫೆಂಗ್‌ಯುವಾನ್ ಊರಿನ ನಮ್ಮ ಗಲ್ಲಿಯಲ್ಲಿ ಲೇತ್ ಇಲ್ಲದ ಮನೆ ಯಾವುದಾದರೂ ಇದ್ದರೆ ಅದು ನನ್ನದು. ನನ್ನದು ಬೆಳಗಿನ ತಿಂಡಿಯ ಅಂಗಡಿ. ಎಡಕ್ಕೆ ಮಿಲ್ಲಿಂಗು, ಬಲಕ್ಕೆ ವೆಲ್ಡಿಂಗು, ಎದುರಿಗೆ ಸ್ಕ್ರೂ ಕೊರೆಯುವವರು. ಆರು ಗಂಟೆಗೇ ಎಲ್ಲರೂ ಸೋಯಾ ಹಾಲಿಗೆ ಬಂದು ಕೂರುತ್ತಾರೆ, ನೆಲದ ತುಂಬ ಕಬ್ಬಿಣದ ಪುಡಿ ಉದುರಿಸುತ್ತಾರೆ, ನಾನು ಬೈಯುತ್ತೇನೆ, ಅವರು ಇನ್ನೊಂದು ಲೋಟ ಕೇಳುತ್ತಾರೆ. ಇಂಥ ಗಲ್ಲಿಯಲ್ಲಿ ಒಬ್ಬ ಹೆಂಗಸು ತನ್ನ ಮಾಳಿಗೆಯ ಮೇಲೆ ತಾನೇ ಕಂಪ್ಯೂಟರ್ ಹೇಳಿದಂತೆ ಕೊರೆಯುವ ಸಿಎನ್‌ಸಿ ಯಂತ್ರ ಕಟ್ಟಿದಳೆಂದರೆ ಯಾರೂ ಹುಬ್ಬೇರಿಸಬೇಕಾಗಿಲ್ಲ. ಆದರೆ ಕಟ್ಟಿದವಳು ಬಿಯುನ್, ಕಟ್ಟಿದ್ದು ಕಡುಬಿನ ಅಚ್ಚಿಗಾಗಿ. ಹುಬ್ಬೇನು, ನಮ್ಮ ಹಲ್ಲೂ ಹೊರಗೆ ಬಂದವು.

ಬಿಯುನ್‌ಗೆ ಐವತ್ತೇಳು. ಹಳಿ ಮಾಡುವ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು ನಿವೃತ್ತಳಾದವಳು. ಹಳಿ ಎಂದರೆ ರೈಲಿನದಲ್ಲ, ಯಂತ್ರಗಳ ಭಾಗಗಳು ಜಾರುವ ಮೊಳದುದ್ದದ ಹಳಿ. ಮಾತು ಕಡಿಮೆ, ಹಟ ಬೆಟ್ಟದಷ್ಟು. ಅವಳ ತಾಯಿ ಬೋಂಗ್‌ಛಿ ಅಜ್ಜಿಗೆ ಎಂಬತ್ತು. ಆ ಹೆಸರಿನ ಅರ್ಥ 'ಹುಟ್ಟಿತಲ್ಲ, ಹೇಗೋ ಸಾಕೋಣ' ಎಂದು. ಆ ಕಾಲದಲ್ಲಿ ಐದನೆಯದೂ ಹೆಣ್ಣಾದರೆ ಇಂಥ ಹೆಸರೇ ಗತಿ. ಹೇಗೋ ಸಾಕಿದವರು ಶಾಲೆಗೆ ಕಳಿಸಿಯಾರೆ? ಹನ್ನೆರಡನೆಯ ವಯಸ್ಸಿಗೇ ಅಜ್ಜಿ ಮಾರುಕಟ್ಟೆಯಲ್ಲಿ ಕೆಂಪು ಆಮೆ ಕಡುಬು ಮಾಡಲು ಕೂತಳು. ಕೆಂಪು ಅಂಟಕ್ಕಿ ಹಿಟ್ಟು, ಒಳಗೆ ಹೆಸರುಬೇಳೆ ಹೂರಣ, ಅದನ್ನು ಮರದ ಅಚ್ಚಿನಲ್ಲಿ ಒತ್ತಿದರೆ ಆಮೆ, ಆಮೆಯ ಬೆನ್ನ ಮೇಲೆ 'ಆಯುಷ್ಯ' ಎಂಬ ಅಕ್ಷರ. ನಮ್ಮ ಚೀನೀ ಲಿಪಿಯಲ್ಲಿ ಇಡೀ ಪದಕ್ಕೆ ಒಂದೇ ಅಕ್ಷರ. ಈ ಊರಿನಲ್ಲಿ ಯಾವ ದೇವರೂ ಆ ಕಡುಬಿಲ್ಲದೆ ಹುಟ್ಟುಹಬ್ಬ ಮಾಡಿಕೊಂಡದ್ದಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಆ ಅಚ್ಚು ನಡುವೆ ಸೀಳಿಹೋಯಿತು. ಕೆತ್ತಿಕೊಟ್ಟಿದ್ದ ಮುದುಕ ಎಂದೋ ಸ್ವರ್ಗ ಸೇರಿದ್ದ. ಬಿಯುನ್ ಪೇಟೆಯಿಂದ ಪ್ಲಾಸ್ಟಿಕ್ಕಿನದು ತಂದಳು. ಅಜ್ಜಿ ಅದನ್ನು ತಿರುಗಿಸಿ ನೋಡಿ, ಸೋಪಿನ ಡಬ್ಬಿ ಯಾಕೆ ತಂದೆ ಎಂದು ಕೇಳಿದಳು. ನಮ್ಮ ಚಾಂದ್ರಮಾನ ಹೊಸ ವರ್ಷದ ಒಂಬತ್ತನೆಯ ದಿನ ಆಕಾಶದೊಡೆಯನ ಹುಟ್ಟುಹಬ್ಬ. ಅಷ್ಟರೊಳಗೆ ಮರದ ಅಚ್ಚು ಬಂದರೆ ಬಂತು, ಇಲ್ಲವಾದರೆ ಅಂಗಡಿ ಮುಚ್ಚಿದೆನೆಂದು ಸಾರಿಬಿಟ್ಟಳು. ಆ ಸಂಜೆ ಬಿಯುನ್ ನನ್ನ ಅಂಗಡಿಗೆ ಬಂದು ಹಾಲು ಕುಡಿಯದೆ ಕೂತಳು.

"ಅಮ್ಮ ಒಂದ್ಸಲ ಸುಮ್ನೆ ಕೂತ್ರೆ ಮತ್ತೆ ಏಳಲ್ಲ ಕಣೇ," ಎಂದಳು. "ಆ ಕೈ ನಿಲ್ಲಬಾರದು."

ಮಾರನೆಯ ದಿನದಿಂದ ಮಾಳಿಗೆಯ ತಗಡಿನ ಶೆಡ್ಡಿನಲ್ಲಿ ಕುಟ್ಟಾಟ ಶುರು. ಚಿತ್ರ ಬರೆದುಕೊಟ್ಟರೆ ತಿರುಗುವ ಮೊನೆಯೊಂದು ತಾನೇ ಅತ್ತಿತ್ತ ಓಡಾಡಿ ಮರವನ್ನು ಹಾಗೆಯೇ ಕೊರೆಯಬೇಕು, ಅದು ಅವಳ ಲೆಕ್ಕ. ಗುಜರಿಯಿಂದ ಹಳಿ ಬಂತು, ಒಂದಕ್ಕೆ ತುಕ್ಕು, ಒಂದಕ್ಕೆ ಡೊಂಕು. ವೆಲ್ಡಿಂಗಿನ ಆಹೋಕ್ ಚೌಕಟ್ಟು ಬೆಸೆದುಕೊಟ್ಟ. ಅವಳು ಅಳತೆ ಹಿಡಿದು ಕೂದಲೆಳೆ ವಾರೆ ಇದೆ ಎಂದು ವಾಪಸು ಕಳಿಸಿದಳು. ಅವನು ಮತ್ತೆ ಬೆಸೆದ, ಮತ್ತೆ ವಾಪಸು. ಮೂರನೆಯ ಸಲ ಅವನು ನನ್ನ ಅಂಗಡಿಯಲ್ಲಿ ಕೂತು, ನನ್ನ ಹೆಂಡತಿಯೂ ಇಷ್ಟು ಕುಂದು ಹುಡುಕಿದವಳಲ್ಲ ಎಂದು ಗೋಳಾಡಿದ. ಗಲ್ಲಿಯವರಿಗೆಲ್ಲ ಹುಚ್ಚು ಹಿಡಿಯಿತು. ಒಬ್ಬ ಮೋಟರು ತಂದ, ಒಬ್ಬ ಹಲಗೆ ಸಮಮಾಡಿಕೊಟ್ಟ. ಯಂತ್ರಗಳ ಗಂಧಗಾಳಿಯಿಲ್ಲದ ನಾನೂ ಹಸಿರು ಪೊಟ್ಟಣದ ಕುರುಕಲು ತಂದು ಯಂತ್ರದ ತಂತಿಗಳ ಪೆಟ್ಟಿಗೆಯ ತಲೆಯ ಮೇಲಿಟ್ಟೆ. ಅದರ ಹೆಸರೇ 'ಹೇಳಿದ ಮಾತು ಕೇಳು' ಎಂದು, ಅದಿಲ್ಲದೆ ನಮ್ಮಲ್ಲಿ ಯಾವ ಯಂತ್ರ ಓಡುತ್ತದೆ?

ಮೊದಲ ದಿನ ಅದು ಯಾರ ಮಾತೂ ಕೇಳಲಿಲ್ಲ. ಗುರ್ರೆಂದು ಹೊರಟ ಮೊನೆ ಮರವನ್ನು ಬಿಟ್ಟು ಮೇಜನ್ನೇ ಕೊರೆದು, ಬಿಯುನ್‌ಳ ಚಪ್ಪಲಿಯ ಮೇಲೆ ಮರದ ಪುಡಿ ಸುರಿಸಿ ನಿಂತಿತು. ನಾವು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆಮೇಲೊಂದು ಮಧ್ಯಾಹ್ನ ಅದು ದಾರಿಗೆ ಬಂತು. ಬಿಯುನ್ ಪರೀಕ್ಷೆಗೆ ಮೊದಲು ಆಮೆ ಕೊರೆದಳು, ಚೆಂದ ಬಂತು. ಆಮೇಲೆ ಮದುವೆಯ 'ಜೋಡಿ ಸಂತೋಷ'ದ ಅಕ್ಷರ ಕೊರೆದಳು, ಹಿಟ್ಟೊತ್ತಿ ನೋಡಿದಳು, ಅದು ಇನ್ನೂ ಚೆಂದ. ಆಹೋಕ್ ಕುಣಿದ. ನಾನು ಆವತ್ತು ಎಲ್ಲರಿಗೂ ಮೊಟ್ಟೆ ದೋಸೆ ಪುಕ್ಕಟೆ ಕೊಟ್ಟೆ, ಇವತ್ತಿಗೂ ಆ ತಪ್ಪು ಮತ್ತೆ ಮಾಡಿಲ್ಲ.

ಹಬ್ಬಕ್ಕೆ ಮೂರು ದಿನವಿರುವಾಗ ಲಿಚಿ ಮರದ ತುಂಡಿನ ಮೇಲೆ ನಿಜವಾದ ಅಚ್ಚು ತಯಾರಾಯಿತು, ಆಮೆ, ಬೆನ್ನ ಮೇಲೆ 'ಆಯುಷ್ಯ'. ಗಲ್ಲಿಯವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡಿದೆವು. ನಿವೃತ್ತ ಹೆಡ್ಮಾಸ್ತರು ಶಿ ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿ, ಅಕ್ಷರ ಮುತ್ತಿನಂತಿದೆ, ಒಂದು ಗೆರೆಯೂ ತಪ್ಪಿಲ್ಲ ಎಂದರು. ನಾನೂ ಓದಿದೆ. ಬಿಯುನ್ ಕೆನ್ನೆ ಕೆಂಪೇರಿಸಿಕೊಂಡು ಅಚ್ಚನ್ನು ತಾಯಿಯ ಕೈಗಿಟ್ಟಳು. ಅಜ್ಜಿ ಹೆಬ್ಬೆರಳಿನಿಂದ ಎಣ್ಣೆ ಸವರಿದಳು, ಇನ್ನೊಮ್ಮೆ ಸವರಿದಳು, ನಮ್ಮೆಲ್ಲರ ಮುಖ ನೋಡಿದಳು. ಒಳ್ಳೆಯದೆಂದು ಮಾತ್ರ ಹೇಳಿದಳು.

ಹಬ್ಬದ ಮುನ್ನಾದಿನ ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸರತಿ ಸಾಲು. ಅಜ್ಜಿ ನಸುಕಿನಿಂದ ಮುನ್ನೂರು ಕಡುಬು ಒತ್ತಿದ್ದಳು. ನನ್ನ ಅಂಗಡಿಗೆ ರಜೆ ಹಾಕಿ ಸಹಾಯಕ್ಕೆ ಹೋಗಿದ್ದ ನಾನು ಮೊದಲ ಹಬೆಪೆಟ್ಟಿಗೆಯ ಮುಚ್ಚಳ ತೆಗೆದೆ. ಸಾಲಿನ ಮುಂದೆಯೇ ಇದ್ದ ಶಿ ಮೇಷ್ಟ್ರು ಬಗ್ಗಿದರು, ಕನ್ನಡಕ ಒರೆಸಿದರು, ಮತ್ತೆ ಬಗ್ಗಿದರು. ನಾನೂ ನೋಡಿದೆ. ಕಡುಬಿನ ಮೇಲೆಲ್ಲ 'ಆಯುಷ್ಯ' ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೂತಿತ್ತು.

ಆಗ ಹೊಳೆಯಿತು. ಅಚ್ಚಿನಲ್ಲಿ ಅಕ್ಷರ ತಿರುವುಮುರುವಾಗಿರಬೇಕು, ಆಗಲೇ ಕಡುಬಿನ ಮೇಲೆ ನೆಟ್ಟಗೆ ಬರುವುದು. ಬಿಯುನ್ ಚಿತ್ರವನ್ನು ಹಾಗೆ ತಿರುಗಿಸಿಯೇ ಬರೆದಿದ್ದಳು. ಆದರೆ, ಆಮೇಲೆ ತಿಳಿದಂತೆ, ಒಂದು ಮೋಟರಿನ ತಂತಿ ಅದಲುಬದಲಾಗಿ ಯಂತ್ರವೇ ಬಲಕ್ಕೆ ಹೋಗುವ ಬದಲು ಎಡಕ್ಕೆ ಹೋಗುತ್ತಿತ್ತು, ತಿರುಗಿದ್ದನ್ನು ಮತ್ತೆ ತಿರುಗಿಸಿಬಿಟ್ಟಿತ್ತು. ಆಮೆಗಾಗಲಿ, ಜೋಡಿ ಸಂತೋಷಕ್ಕಾಗಲಿ ಎಡಬಲ ಎರಡೂ ಒಂದೇ. ಪರೀಕ್ಷೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅಚ್ಚಿನಲ್ಲಿ ಅಕ್ಷರ ಓದಲು ಬಂತಲ್ಲ ಎಂದು ಹಿಗ್ಗಿದ ನಾವು ಎಂಥ ಗೂಬೆಗಳು!

ಹಬೆಪೆಟ್ಟಿಗೆಯ ಹಿಂದೆ ನಿಂತಿದ್ದ ಬಿಯುನ್ ಸುಣ್ಣದಂತೆ ಬಿಳಿಚಿಕೊಂಡಳು. ಆಕಾಶದೊಡೆಯನ ಮುಂದೆ ಉಲ್ಟಾ ಆಯುಷ್ಯ ಇಡುವುದೇ ಎಂದು ಸಾಲಿನಲ್ಲಿ ಗುಜುಗುಜು ಎದ್ದಿತು. ಇವತ್ತಿಗೆ ಅಂಗಡಿ ಮುಚ್ಚಿತೆಂದು ನಾನು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಬೋಂಗ್‌ಛಿ ಅಜ್ಜಿ ಒದ್ದೆ ಕೈ ಒರೆಸಿಕೊಂಡು ಮುಂದೆ ಬಂದಳು. ನಮ್ಮ ಮಾತಿನಲ್ಲಿ 'ಉಲ್ಟಾ' ಎನ್ನುವುದಕ್ಕೂ 'ಹಿಂದಿರುಗು' ಎನ್ನುವುದಕ್ಕೂ ಒಂದೇ ಉಚ್ಚಾರ.

"ಯಾಕ್ ಮೇಷ್ಟ್ರೇ ಮುಖ ಹಾಗೆ? ಆಯುಷ್ಯ ಹಿಂದಕ್ಕೆ ತಿರುಗ್ತಿದೆ," ಎಂದಳು. "ನಂಗೆ ಎಂಬತ್ತು, ಬರೋ ವರ್ಷ ಎಪ್ಪತ್ತೊಂಬತ್ತು. ನಿಮಗೆ ಬೇಡ ಅಂದ್ರೆ ಮುದುಕರಾಗೇ ಇರಿ, ಹಿಂದಿನೋರಿಗೆ ಕೊಡ್ತೀನಿ."

ಸಾಲಿನುದ್ದಕ್ಕೂ ನಗು ಹರಿಯಿತು. ಬಾಗಿಲಿಗೆ 'ಭಾಗ್ಯ'ದ ಅಕ್ಷರವನ್ನು ತಲೆಕೆಳಗಾಗಿ ಅಂಟಿಸಿ, 'ತಲೆಕೆಳಗು', 'ಬಂತು' ಎರಡಕ್ಕೂ ಒಂದೇ ಉಚ್ಚಾರವಾದ್ದರಿಂದ ಭಾಗ್ಯ ಬಂತೆಂದು ಕುಣಿಯುವ ಜನ ನಾವು, ಇದನ್ನು ಬಿಡುತ್ತೇವೆಯೇ? ಹನ್ನೆರಡು ಕೇಳಿದ್ದ ಮೇಷ್ಟ್ರು ಇಪ್ಪತ್ನಾಲ್ಕು ಕಟ್ಟಿಸಿಕೊಂಡರು. ಮೊಣಕಾಲು ನೋವಿನ ಹೆಂಗಸೊಬ್ಬಳು ಎರಡು ಕಡುಬನ್ನು ನಿಂತಲ್ಲೇ ತಿಂದು, ಆಗಲೇ ನೋವು ಕಡಿಮೆಯಾಯಿತೆಂದಳು. ಹತ್ತು ಗಂಟೆಗೆ ತಟ್ಟೆಗಳೆಲ್ಲ ಖಾಲಿ.

ಜನ ಕರಗಿದ ಮೇಲೆ ಬಿಯುನ್ ತಾಯಿಯ ಎದುರು ಮಣೆ ಎಳೆದು ಕೂತಳು.

"ಎಣ್ಣೆ ಸವರುವಾಗ ನಿನ್ನ ಬೆರಳಿಗೆ ಗೊತ್ತಾಗ್ಲಿಲ್ವಾ ಅಮ್ಮ?"

"ಮೊದಲ್ನೇ ಸಲಾನೇ ಗೊತ್ತಾಯ್ತು."

"ಮತ್ಯಾಕೆ ಹೇಳ್ಲಿಲ್ಲ?"

ಅಜ್ಜಿ ಉಳಿದ ಬಾಳೆಲೆಯ ತುಂಡುಗಳನ್ನು ಜೋಡಿಸುತ್ತಲೇ ಇದ್ದಳು. "ಮೇಷ್ಟ್ರು ಓದಿ ಸರಿ ಅಂದ್ರು. ಇವಳು ಓದಿದ್ಳು, ನೀನೂ ಓದ್ದೆ. ನಂಗೆ ಬರೋದು ಇದೊಂದೇ ಅಕ್ಷರ. ಅದನ್ನೂ ಇಷ್ಟು ವರ್ಷ ತಪ್ಪಾಗೇ ಕಲ್ತಿದ್ನೇನೋ ಅಂದ್ಕೊಂಡೆ."

ದಿನಾ ಬೆಳಿಗ್ಗೆ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಜಂಬ ಕೊಚ್ಚುವವಳು ನಾನು, ನಾಚಿಕೆಯಾಯಿತು. ಬಿಯುನ್ ತಾಯಿಯ ಹೆಬ್ಬೆರಳನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೇಬಿಟ್ಟಳು.

"ಓದಿದೋರೆಲ್ಲ ತಪ್ಪು ಓದಿದ್ವಿ ಅಮ್ಮ. ಸರಿ ಇದ್ದಿದ್ದು ನೀನೊಬ್ಳೇ."

ಆ ಮಧ್ಯಾಹ್ನವೇ ಬಿಯುನ್ ಅಜ್ಜಿಯನ್ನು ಕೈಹಿಡಿದು ಮಾಳಿಗೆ ಹತ್ತಿಸಿ ಯಂತ್ರದ ಪಕ್ಕ ಕುರ್ಚಿ ಹಾಕಿದಳು. ತಂತಿ ಬದಲಿಸಿದಳು, ಹೊಸ ತುಂಡು ಬಿಗಿದಳು, ಕೊರೆದದ್ದನ್ನು ತಾನು ನೋಡದೆ ನೇರವಾಗಿ ತಾಯಿಯ ಕೈಗಿಟ್ಟಳು. ಅಜ್ಜಿ ಕಣ್ಣು ಮುಚ್ಚಿ ಬೆರಳಾಡಿಸಿ, ಕೆಳಗಿನ ಗೆರೆ ಆಳ ಸಾಲದೆಂದು ವಾಪಸು ಕೊಟ್ಟಳು. ಎರಡನೆಯದರಲ್ಲಿ ಆಮೆಯ ಬಾಲ ಮೊಂಡಂತೆ, ಅದೂ ವಾಪಸು. ಮೆಟ್ಟಿಲ ಮೇಲೆ ನಿಂತಿದ್ದ ಆಹೋಕ್, ಈ ಗುಣ ಎಲ್ಲಿಂದ ಬಂತೆಂದು ಈಗ ತಿಳಿಯಿತು ಎಂದು ಹಣೆ ಚಚ್ಚಿಕೊಂಡ. ಮೂರನೆಯದನ್ನು ಅಜ್ಜಿ ಎರಡು ಸಲ ಸವರಿದಳು, ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಬಾಯಿ ಬಿಟ್ಟುಕೊಂಡು ನಿಂತಿದ್ದು ಸಾಕು, ಹದಿನೈದನೆಯ ದಿನದ ದೀಪದ ಹಬ್ಬಕ್ಕೆ ಎಷ್ಟು ಕಡುಬು ಹೇಳಿದ್ದಾರೆ ಬರೆದುಕೊಂಡು ಬಾ ಎಂದು ಗದರಿದಳು.